ಹೇಳಿದಷ್ಟೇ ಮಾಡುವ ಯಂತ್ರ

ಶಾಲೆಗೆ ಹತ್ತು ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಆಯುಧಪೂಜೆಯ ದಿನ ಕೋಣೆ ತೆರೆದು, ಅವಕ್ಕೆ ಕುಂಕುಮ ಹಚ್ಚಿ, ಮತ್ತೆ ಬೀಗ ಹಾಕುತ್ತಿದ್ದರು. ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲೇ ಇರುತ್ತಿತ್ತು.

ಹೊಸದಾಗಿ ಬಂದ ಟೀಚರು ಅದೇ ಕೋಣೆಯೆದುರಿನ ಜಗಲಿಯಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಬರೆದು ಮಕ್ಕಳನ್ನು ನಡೆಸುತ್ತಿದ್ದರು.

“ಏನ್ರೀ ಇದು, ಕುಂಟೆಬಿಲ್ಲೆನಾ?” ಹೆಡ್‌ಮಾಸ್ಟರು ಕೇಳಿದರು.

“ಪ್ರೋಗ್ರಾಮಿಂಗ್, ಸಾರ್. ಒಬ್ಬರು ಕಂಪ್ಯೂಟರ್, ಇನ್ನೊಬ್ಬರು ಹೇಳೋರು. ಕಂಪ್ಯೂಟರ್ ಹೇಳಿದಷ್ಟೇ ಮಾಡ್ಬೇಕು, ಎದುರು ಮಾತಾಡೋ ಹಾಗಿಲ್ಲ.”

“ಅಷ್ಟೇನಾ? ನಾನೇ ಕಂಪ್ಯೂಟರ್ ಆಗ್ತೀನಿ. ಯಾರು ಹೇಳ್ತೀರೋ, ಹೇಳ್ರೋ ನೋಡೋಣ!”

ಮುಬೀನಾ ಎದ್ದಳು. ಕಳೆದ ಪೂಜೆಯಂದು ಕೀಬೋರ್ಡ್ ಮುಟ್ಟಿದ್ದಕ್ಕೆ ಅವರಿಂದಲೇ ಏಟು ತಿಂದವಳು.

“ಮೂರು ಹೆಜ್ಜೆ ಮುಂದೆ ಬನ್ನಿ, ಸಾರ್.”

ಬಂದರು. ಮಕ್ಕಳು ಚಪ್ಪಾಳೆ ತಟ್ಟಿದರು.

“ಎಡಕ್ಕೆ ತಿರುಗಿ. ಇನ್ನೈದು ಹೆಜ್ಜೆ.”

“ಗೋಡೆಗೆ ಗುದ್ದಿಸ್ತೀಯೇನೇ?” ನಗುತ್ತಲೇ ನಡೆದರು. ಐದನೆಯ ಹೆಜ್ಜೆಗೆ ಅವರ ಮೂಗಿನೆದುರು ಬೀಗ ಹಾಕಿದ ಬಾಗಿಲಿತ್ತು. ನಗು ನಿಂತಿತು.

“ಕೈ ಜೇಬಿಗೆ ಹಾಕಿ, ಸಾರ್.”

“ಏಯ್, ಏನಂದೆ?”

“ಕಂಪ್ಯೂಟರ್ ಎದುರು ಮಾತಾಡೋ ಹಾಗಿಲ್ಲ, ಸಾರ್.”

ಟೀಚರು ಮುಬೀನಾಳನ್ನು ತಡೆಯಲಿಲ್ಲ. ನಲವತ್ತು ಮಕ್ಕಳೂ ಹೆಡ್‌ಮಾಸ್ಟರನ್ನೇ ನೋಡುತ್ತಿದ್ದರು. ಕೊನೆಗೆ ಅವರ ಕೈ ಜೇಬಿಗಿಳಿಯಿತು.

“ಬೀಗ ತೆಗೀರಿ,” ಎಂದಳು ಮುಬೀನಾ. “ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ.”