ಕಾಣೆಯಾದವರ ಪುಟ

ಅಂಜನಮೂರ್ತಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅನನ್ಯಳಿಗೆ ಅನ್ನಿಸಿದ್ದು ಗುರುವಾರ. ಆವತ್ತು ಅವರು ತರಗತಿಗೆ ಎರಡೂವರೆ ಗಂಟೆ ತಡವಾಗಿ ಬಂದಿದ್ದರು. ಅಂಗಿಯೆಲ್ಲ ಬೆವರು, ಚಪ್ಪಲಿ ತುಂಬ ಧೂಳು.

"ಎಲ್ಲಿ ಹೋಗಿದ್ರಿ ಸರ್?"

"ಕುಣಿಗಲ್‌ಗೆ."

"ಗುಬ್ಬಿಯಿಂದ ತುಮಕೂರಿಗೆ ಬರೋರು ಕುಣಿಗಲ್‌ಗೆ ಯಾಕೆ ಹೋದ್ರಿ?"

"ಹೋಗ್ಬೇಕು ಅಂತ ಹೋಗ್ಲಿಲ್ಲ ಕಣಮ್ಮ." ಅಷ್ಟು ಹೇಳಿ ಮೌಸ್ ಹಿಡಿದರು. "ನಿನ್ನೆ ಎಲ್ಲಿಗೆ ನಿಲ್ಸಿದ್ವಿ?"

ಬಿ.ಎಚ್. ರಸ್ತೆಯ ಆ ಮಹಡಿ ಮೇಲಿನ ಕಂಪ್ಯೂಟರ್ ಸೆಂಟರಿಗೆ ಬರುವವರೆಲ್ಲ ಕಾಲೇಜು ಹುಡುಗಿಯರು. ಕಲಿಸುವ ಅನನ್ಯಳಿಗೇ ಇನ್ನೂ ಇಪ್ಪತ್ತೈದು. ಸೋಮವಾರ ಬೆಳಿಗ್ಗೆ ಈ ಅರವತ್ತಮೂರರ ನಿವೃತ್ತ ಬಸ್ ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದು, "ಒಂದು ವೆಬ್‌ಸೈಟ್ ಮಾಡೋದು ಕಲಿಸಿ. ಒಂದೇ ಪುಟ ಸಾಕು. ಬೇಗ ಆಗ್ಬೇಕು," ಅಂದಾಗ ಎಲ್ಲರೂ ತಿರುಗಿ ನೋಡಿದ್ದರು.

"ಪುಟದಲ್ಲಿ ಏನಿರ್ಬೇಕು ಸರ್?"

"ಕಾಣೆಯಾದವರ ವಿಚಾರ."

"ಅಯ್ಯೋ. ಯಾರು?"

"ನಮ್ಮನೆಯವ್ರೇ ಒಬ್ರು."

"ನಾನೇ ಅರ್ಧ ಗಂಟೇಲಿ ಮಾಡ್ಕೊಡ್ತೀನಿ, ದುಡ್ಡೂ ಬೇಡ," ಅಂದಳು. ಅವರು ಒಪ್ಪಲಿಲ್ಲ. "ನನ್ನ ಕೈಲೇ ಆಗ್ಬೇಕು. ಆಮೇಲಾಮೇಲೆ ಸೇರಿಸೋದು ಇರುತ್ತೆ."

ಕಲಿತರು, ಆದರೆ ಏನು ಅವಸರ! ಅನನ್ಯ ಹೇಳಿದ್ದನ್ನೆಲ್ಲ ಉದ್ದನೆಯ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವರು. ತಲೆಬರಹಕ್ಕೆ ತೆರೆದ ಟ್ಯಾಗ್ ಗುರುತನ್ನು ಕೊನೆಯಲ್ಲಿ ಮುಚ್ಚಬೇಕು ಎಂದು ಮೂರು ಬಾರಿ ಬರೆದುಕೊಂಡರೂ ಮುಚ್ಚುವುದು ಮರೆತುಹೋಯಿತು. ಇಡೀ ಪುಟ ತಲೆಬರಹದಷ್ಟು ದಪ್ಪ ಅಕ್ಷರದಲ್ಲಿ ಎದ್ದು ನಿಂತಿತು. ಹುಡುಗಿಯರು ಕಿಸಕ್ಕೆಂದರು. ಅಂಜನಮೂರ್ತಿ ನಗಲಿಲ್ಲ. "ತಪ್ಪೆಲ್ಲಿದೆ ತೋರ್ಸಿ ಮೇಡಂ. ಹೊತ್ತಾಗ್ತಿದೆ."

ಒಂದೇ ಪ್ರಶ್ನೆಯನ್ನು ದಿನಕ್ಕೆ ನಾಲ್ಕು ಸಲ ಕೇಳುವರು. ಹೊಸಬರು ಕೇಳುವುದೇ ಹಾಗೆ ಎಂದು ಅನನ್ಯ ನಾಲ್ಕು ಸಲವೂ ಹೇಳುವಳು. ಪುಟದ ವಿಳಾಸ ಚಿಕ್ಕದಾಗಿರಬೇಕು, ಜೇಬಿನ ಚೀಟಿಯಲ್ಲಿ ಹಿಡಿಸಬೇಕು ಎಂದು ಹಟ ಹಿಡಿದರು. ಚೀಟಿ ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಹಂಚುತ್ತಾರೇನೋ ಅಂದುಕೊಂಡಳು.

ಗುರುವಾರ, ತಡವಾಗಿ ಬಂದ ಆ ದಿನ, ಅವರು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದನ್ನು ಓದಿ ಅವಳು ಹುಬ್ಬು ಗಂಟಿಕ್ಕಿದಳು.

'ಕಡಬಕ್ಕೆ ಹೋಗಬೇಕು ಎನ್ನಬಹುದು. ಕಡಬದ ಮನೆ ಮಾರಿ ಮೂವತ್ತು ವರ್ಷವಾಯಿತು. ಅದನ್ನು ಹೇಳಬೇಡಿ. ಜೋರು ಮಾಡಬೇಡಿ. ಕೂರಿಸಿ. ಸಕ್ಕರೆ ಇಲ್ಲದ ಕಾಫಿ ಕೊಡಿ. ಈ ನಂಬರಿಗೆ ಫೋನ್ ಮಾಡಿ.'

"ಹೆಸರೇನು ಸರ್ ಇವ್ರದ್ದು?"

"ಕೇಳಿದ್ರೆ ಹೇಳ್ತಾರೋ ಇಲ್ವೋ."

"ಯಾವತ್ತಿಂದ ಕಾಣಿಸ್ತಿಲ್ಲ? ತಾರೀಖು ಹಾಕ್ಬೇಕಲ್ವಾ?"

ಅವರು ಕೀಬೋರ್ಡಿನಲ್ಲಿ ಮುಂದಿನ ಅಕ್ಷರ ಹುಡುಕತೊಡಗಿದರು.

"ಪೊಲೀಸ್ ಕಂಪ್ಲೇಂಟ್ ಆದ್ರೂ ಕೊಟ್ಟಿದ್ದೀರಾ?"

"ಅದಕ್ಕಿನ್ನೂ ಟೈಮಿದೆ."

ಮನೆಯವರು ಕಾಣೆಯಾಗಿರುವಾಗ ಯಾರಾದರೂ ಆಡುವ ಮಾತೇ ಇದು? ಅನನ್ಯಳಿಗೆ ಊಟ ಸೇರಲಿಲ್ಲ. ಅಣ್ಣನೋ ತಮ್ಮನೋ ಇದ್ದು, ಆಸ್ತಿಗಾಗಿ ಇವರೇ ಏನಾದರೂ ಮಾಡಿದ್ದರೆ? ಕುಣಿಗಲ್‌ಗೆ ಹೋದದ್ದು ಯಾಕೆ? ಅಲ್ಲಿಗೆ ಹತ್ತಿರದ ಹುತ್ರಿದುರ್ಗ ಬೆಟ್ಟದ ಬಂಡೆಗಳು, ಪೊದೆಗಳು ಕಣ್ಣ ಮುಂದೆ ಬಂದವು. ಛೆ, ಹಾಗೆಲ್ಲ ಯೋಚಿಸಬಾರದು ಅಂದುಕೊಂಡಳು. ಆದರೂ ಯೋಚಿಸಿದಳು.

ಶುಕ್ರವಾರ ಅವರು ಒಳಗೆ ಟೈಪ್ ಮಾಡುತ್ತಿದ್ದಾಗ ಅವಳು ವರಾಂಡಕ್ಕೆ ಬಂದು ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಹೆಂಗಸಿನ ದನಿ.

"ನಾನು ನರಸಮ್ಮ, ಗುಬ್ಬಿ. ಯಾರು ಬೇಕಿತ್ತು?"

"ನಿಮ್ಮನೇಲಿ ಯಾರೋ ಕಾಣೆಯಾಗಿದ್ದಾರೆ ಅಂತ..."

"ಬಿಡ್ತು ಅನ್ನಮ್ಮ! ಎಲ್ಲಾರೂ ಇದೀವಲ್ಲ. ಮಗಳು ಬೆಳಿಗ್ಗೆ ತಾನೆ ಮಾತಾಡಿದ್ಲು. ನಮ್ಮ ಯಜಮಾನ್ರು ಯಡಿಯೂರಿಗೆ ಹೋಗವ್ರೆ, ಈ ವಾರ ಪೂರ್ತಿ ದಿನಾ ಹೋಗ್ತಾವ್ರೆ. ಏನೋ ಹರಕೆಯಂತೆ. ನೀವ್ಯಾರು?"

"ರಾಂಗ್ ನಂಬರ್ ಅಮ್ಮ." ಫೋನ್ ಇಟ್ಟಳು. ಗಾಜಿನಾಚೆ ಯಡಿಯೂರಿಗೆ ಹೋದ ಯಜಮಾನರು ಒಂದೇ ಬೆರಳಲ್ಲಿ ಕೀಲಿ ಒತ್ತುತ್ತಿದ್ದರು.

ಶನಿವಾರ ಅವರು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. "ಇವತ್ತು ಹಾಕೇಬಿಡೋಣ ಮೇಡಂ. ಒಂದು ಫೋಟೋ ಸೇರಿಸಿದ್ರೆ ಮುಗೀತು."

ಅನನ್ಯ ಕೀಬೋರ್ಡಿನ ಮೇಲೆ ಕೈಯಿಟ್ಟಳು. "ನಿಮ್ಮನೆಗೆ ಫೋನ್ ಮಾಡಿದ್ದೆ ಸರ್. ನಿಮ್ಮನೇಲಿ ಯಾರೂ ಕಾಣೆಯಾಗಿಲ್ಲ."

"ನರಸಮ್ಮಂಗೆ ಏನ್ ಹೇಳಿದ್ರಿ?"

"ಏನೂ ಹೇಳಿಲ್ಲ. ಆದ್ರೆ ಸುಳ್ಳು ಪುಟ ಹಾಕೋದಕ್ಕೆ ನಾನು ಸಹಾಯ ಮಾಡಲ್ಲ. ಯಾರನ್ನ ಏಮಾರಿಸೋಕೆ ಸರ್ ಇದು?"

"ಸುಳ್ಳಲ್ಲ ಕಣಮ್ಮ." ಅವರು ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಸ್ವಲ್ಪ ಮುಂಚೇನೇ ಬರೆದಿಡ್ತಿದ್ದೀನಿ ಅಷ್ಟೆ."

ಪೆನ್‌ಡ್ರೈವ್ ಸಿಕ್ಕಿಸಿದರು. ಫೋಟೋದ ಹೆಸರು ಟೈಪ್ ಮಾಡಿದರು. ಒಂದಕ್ಷರ ತಪ್ಪಿತ್ತು, ಚಿತ್ರದ ಬದಲು ಖಾಲಿ ಚೌಕ ಬಂತು. ಬಾಯಲ್ಲೇ ಗೊಣಗಿಕೊಂಡು ತಿದ್ದಿದರು. ನೋಟ್‌ಬುಕ್ ನೋಡಿಕೊಂಡು, ಯಾರನ್ನೂ ಕೇಳದೆ, ತಾವೇ ಪುಟವನ್ನು ಅಂತರ್ಜಾಲಕ್ಕೆ ಏರಿಸಿದರು.

ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡಿತು. ನರೆತ ಕೂದಲು, ಅಗಲ ಹಣೆ, ದಪ್ಪ ಕನ್ನಡಕ. ಅನನ್ಯ ಪರದೆ ನೋಡಿದಳು, ಪಕ್ಕದ ಕುರ್ಚಿ ನೋಡಿದಳು. ಎರಡು ಕಡೆಯೂ ಅದೇ ಮುಖ.

"ಇನ್ನು ಒಂದೋ ಎರಡೋ ವರ್ಷಕ್ಕೆ ಮನೆ ದಾರಿ ಪೂರ್ತಿ ಮರೆತೋಗುತ್ತೆ ಅಂದವ್ರೆ ಡಾಕ್ಟ್ರು," ಎಂದರು ಅಂಜನಮೂರ್ತಿ. "ಅಷ್ಟರೊಳಗೆ ನರಸಮ್ಮಂಗೆ ಹೇಳ್ಬೇಕು."