ಪರೀಕ್ಷೆಗೆ ಹೋದ ನೀರು

ಮ್ಯಾನೇಜರರು ವರದಿಯನ್ನು ಎರಡೆರಡು ಸಲ ಓದಿದರು. ಕಾರ್ಖಾನೆ ಹೊರಬಿಡುವ ನೀರಿನಲ್ಲಿ ಕ್ರೋಮಿಯಂ ಎಂಬ ವಿಷ ಮಿತಿಗಿಂತ ನಲವತ್ತು ಪಟ್ಟು ಹೆಚ್ಚಿದೆಯೆಂದು ಅದರಲ್ಲಿ ಬರೆದಿತ್ತು.

"ಹತ್ತು ವರ್ಷದಲ್ಲಿ ಒಂದು ರಿಪೋರ್ಟೂ ಹೀಗೆ ಬಂದಿರ್ಲಿಲ್ಲ. ಗೇಟಿಗೆ ಬೀಗ ಹಾಕ್ತಾರೆ ಕಣಯ್ಯಾ!"

ಮೇಜಿನ ಮೇಲಿದ್ದ ಲೋಟದ ನೀರನ್ನು ಗಟಗಟನೆ ಕುಡಿದರು.

ನೀರಿನ ಮಾದರಿ ಕಳಿಸುವ ಗುರುಬಸಪ್ಪ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ನಾನು ಹೇಳಿಕೊಟ್ಟಿದ್ದು ಬಿಟ್ಟು, ಈ ಸಲ ನಿಜವಾಗ್ಲೂ ಮೋರಿಯಿಂದ ಬಾಟ್ಲಿ ತುಂಬಿ ಕಳಿಸಿಬಿಟ್ಯಾ?"

"ಅಯ್ಯೋ, ಇಲ್ಲ ಸಾರ್."

"ಮತ್ತೆ ಎಲ್ಲಿಂದ ತುಂಬಿದ್ದು? ಬೊಗಳು!"

ಗುರುಬಸಪ್ಪ ಅವರ ಕೈಯಲ್ಲಿದ್ದ ಖಾಲಿ ಲೋಟವನ್ನೇ ನೋಡುತ್ತಿದ್ದ.

"ಯಾವಾಗ್ಲೂ ತುಂಬೋ ಕಡೆಯಿಂದ್ಲೇ ಸಾರ್. ನಮ್ಮ ಕ್ಯಾಂಟೀನಿನ ಕುಡಿಯೋ ನೀರಿನ ನಲ್ಲಿಯಿಂದ."