ತಲೆಗೊಂದು ಆಸರೆ

ತನ್ನ ಮಗುವನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅವಳು ಶಿಶುಗಳ ವಾರ್ಡಿಗೆ ಬಂದು, ಮರಳು ತುಂಬಿ ಹೊಲಿದ ಪುಟ್ಟ ಚೀಲವೊಂದನ್ನು ಪಕ್ಕದ ತೊಟ್ಟಿಲಿನ ತಾಯಿಯತ್ತ ಚಾಚಿದಳು. ದಿನ ತುಂಬದೆ ಹುಟ್ಟಿದ ಕೂಸಿನ ತಲೆ ನೆಟ್ಟಗಿರಬೇಕು, ವಾಲಿದರೆ ಮೆದುಳಿನಲ್ಲಿ ರಕ್ತ ಒಸರುವ ಭಯ ಹೆಚ್ಚು ಎಂದು ನರ್ಸ್ ಹೇಳಿದ್ದರು. ತಲೆಯ ಎರಡೂ ಪಕ್ಕಕ್ಕೆ ಆನಿಸಿಡುವ ಇಂಥ ಚೀಲಗಳಿಗೆ ವಾರ್ಡಿನಲ್ಲಿ ಬರ. ಇವಳಿಗೆ ಒಂದು ಕಡಿಮೆ ಬಿದ್ದಾಗ ಆ ತಾಯಿಯೇ ತನ್ನದೊಂದನ್ನು ಕೊಟ್ಟಿದ್ದಳು. ಆದರೂ ಇವಳ ಮಗುವಿನ ತಲೆಯೊಳಗೆ ರಕ್ತನಾಳ ಒಡೆದಿತ್ತು. ಮಗುವಿನ ಬಟ್ಟೆಗಳೊಂದಿಗೆ ಚೀಲವೂ ಮನೆ ಸೇರಿತ್ತು.

"ಮುಟ್ಟಬೇಡ ಕಣೇ!" ಆ ತಾಯಿಯ ಅತ್ತೆ ಅಡ್ಡ ಬಂದಳು. "ಸತ್ತ ಮಗೂದು ನಮ್ಮ ಕೂಸಿಗೆ ಬೇಡ."

"ಮೇಲಿನ ಬಟ್ಟೆ ಕುದಿಸಿ ಒಣಗಿಸಿದೀನಿ, ಅಮ್ಮಾ," ಎನ್ನುತ್ತ ಅವಳು ತೊಟ್ಟಿಲೊಳಗೆ ನೋಡಿದಳು. ಕೂಸಿನ ತಲೆಯ ಒಂದು ಪಕ್ಕಕ್ಕೆ ಚೀಲವಿತ್ತು. ಇನ್ನೊಂದು ಪಕ್ಕಕ್ಕೆ ತಾಯಿ ತನ್ನ ಅಂಗೈಯನ್ನೇ ಒಡ್ಡಿ ಕೂತಿದ್ದಳು.

"ನಿನ್ಹತ್ರ ಇದ್ದಿದ್ದೇ ಎರಡಾ?" ಅವಳು ತಾಯಿಯನ್ನು ಕೇಳಿದಳು.

"ಹೇಳಿದ್ರೆ ನೀನು ತಗೋತಿರ್ಲಿಲ್ಲ, ಅಕ್ಕ."

ಅತ್ತೆ ಮತ್ತೆ ಬಾಯಿ ತೆರೆದಳು.

"ಸುಮ್ನಿರಿ ಅತ್ತೆ, ನನ್ನ ಕೈ ಸೋತುಹೋಗಿದೆ. ಅಕ್ಕ, ನೀನೇ ಇಡು."

ತಾಯಿ ಉಸಿರು ಬಿಗಿಹಿಡಿದು ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆಳೆಯುತ್ತಿದ್ದಂತೆ, ಅವಳು ಆ ಜಾಗಕ್ಕೆ ಚೀಲವನ್ನು ಮೆಲ್ಲಗೆ ಸರಿಸಿದಳು. ಕೂಸಿನ ತಲೆ ಅಲುಗಲಿಲ್ಲ.